ಓಣಿಗೆಲ್ಲ ಒಂದೇ ಬೆಲೆ

ದಾವಣಗೆರೆ–ಹರಿಹರ ಜೋಡಿನಗರ,
ಫೆಬ್ರವರಿ ೩೦, ೨೧೮೭

ಮಾನ್ಯ ಸರ್ವಮಂಗಳಾ ಮೇಡಂ ಅವರಿಗೆ,

ಫೆಬ್ರವರಿ ಮೂವತ್ತು ಎಂದು ಓದಿ, ಇದು ಯಾರೋ ಕೀಟಲೆಗೆ ಬರೆದ ಕಾಗದವೆಂದು ಬುಟ್ಟಿಗೆ ಹಾಕಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದಾರು ದಿನಗಳು ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಗೆ ರಜೆಯಾಗಿ ಬಿದ್ದಿರುತ್ತವೆ. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವೆನಿಸಬಹುದು. ನಿಮ್ಮ ಕಾಲದ ಬರಹಗಳನ್ನು ನಲವತ್ತು ವರ್ಷ ಓದಿದವಳಾದ್ದರಿಂದ ಆದಷ್ಟೂ ನಿಮ್ಮ ಮಾತಿನಲ್ಲೇ ಬರೆಯುತ್ತೇನೆ. ನಿಮಗೆ ಗೊತ್ತಿಲ್ಲದ ಹೆಸರು ಬಂದರೆ ಅಲ್ಲೇ ಬಿಡಿಸಿ ಹೇಳುತ್ತೇನೆ, ಮನ್ನಿಸಿ.

ನಿಮ್ಮನ್ನು ಹೇಗೆ ಕರೆಯಬೇಕೆಂದೇ ಎರಡು ದಿನ ಯೋಚಿಸಿದೆ. ನೀವೀಗ ನಲವತ್ತೊಂದರವರು, ನನಗೆ ಅರವತ್ತೆಂಟು. ಕಾಲದ ಲೆಕ್ಕದಲ್ಲಿ ನೀವು ನನ್ನ ಮುತ್ತಜ್ಜಿಯ ಅಜ್ಜಿಯ ಓರಗೆಯವರು, ಪ್ರಾಯದ ಲೆಕ್ಕದಲ್ಲಿ ನನ್ನ ಮಗಳ ಹಾಗಿದ್ದೀರಿ. ಅಜ್ಜಿ ಎನ್ನಲು ಬಾಯಿ ಬಾರದು, ತಂಗಿ ಎನ್ನಲು ಧೈರ್ಯ ಸಾಲದು. ಮೇಡಂ ಎಂಬುದೇ ವಾಸಿ. ಅರ್ಥಶಾಸ್ತ್ರದ ವಿಭಾಗಗಳಲ್ಲಿ ಆ ಪದ ಇನ್ನೂ ಬದುಕಿದೆ.

ನನ್ನ ಹೆಸರು ಮಾರಕ್ಕ. ಇಲ್ಲಿಯ ನಗರಸಭೆಯ ನೆಲಬೆಲೆ ಕಚೇರಿಯಲ್ಲಿ ಅರ್ಥಶಾಸ್ತ್ರಜ್ಞೆಯಾಗಿ ದುಡಿದು ಹೋದ ತಿಂಗಳು ನಿವೃತ್ತಳಾದೆ. ನಿವೃತ್ತರಾದವರಿಗೆಲ್ಲ ನಮ್ಮಲ್ಲಿ ಹಿಂದಂಚೆಯ ಹಕ್ಕು ಸಿಗುತ್ತದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಜೀವಮಾನಕ್ಕೆ ಒಬ್ಬರಿಗೆ ಒಂದೇ ಕಾಗದ. ತಲುಪಿತೋ ಇಲ್ಲವೋ ಬರೆದವರಿಗೆ ತಿಳಿಯುವುದಿಲ್ಲ. ತಲುಪಿ ಏನಾದರೂ ಬದಲಾದರೆ, ಮೊದಲಿನಿಂದಲೂ ಹಾಗೇ ಇತ್ತೆಂದು ಅವರಿಗೆ ತೋರುತ್ತದಂತೆ. ಅದರ ತರ್ಕವನ್ನು ನನ್ನ ಹತ್ತಿರ ಕೇಳಬೇಡಿ, ನಾನು ತೆರಿಗೆಯವಳು. ಜನ ಸಾಮಾನ್ಯವಾಗಿ ಆ ಒಂದು ಕಾಗದವನ್ನು ಸತ್ತ ತಾಯಿಗೋ, ಮದುವೆಗೆ ಮೊದಲಿನ ತಮಗೇ ಎಚ್ಚರಿಕೆ ಕೊಡಲಿಕ್ಕೋ ಬಳಸುತ್ತಾರೆ. ನಾನು ಅದನ್ನು ಸರ್ಕಾರಿ ವರದಿಯೊಂದರ ಒಂದು ಕಂಡಿಕೆಗೆ ಖರ್ಚು ಮಾಡುತ್ತೇನೆಂದು ಕೇಳಿ ನನ್ನ ತಮ್ಮ ಹಾಲೇಶಿ ಮೂರು ದಿನ ಮಾತು ಬಿಟ್ಟಿದ್ದ. ಅವನ ಸಿಟ್ಟಿಗೆ ಬೇರೆ ಕಾರಣವೂ ಉಂಟು, ಅದು ಮುಂದೆ ಬರುತ್ತದೆ.

ನೀವೀಗ ನಗರ ನೆಲ ಮತ್ತು ವಸತಿ ಸಮಿತಿಯ ವರದಿಯ ಮೂರನೆಯ ಕರಡನ್ನು ತಿದ್ದುತ್ತಿದ್ದೀರಿ. ಯಾರು ಓದುತ್ತಾರೆ, ಕಪಾಟು ಸೇರುತ್ತದೆ ಬಿಡಿ ಎಂದು ಗೆಳತಿಗೆ ಬರೆದಿದ್ದೀರಿ. ನಿಮ್ಮ ಆ ಪತ್ರ ನಮ್ಮ ದಫ್ತರಖಾನೆಯಲ್ಲಿದೆ. ನಿಮ್ಮ ಮಾತು ನಿಜವಾಯಿತು, ವರದಿ ನಲವತ್ತು ವರ್ಷ ಕಪಾಟಿನಲ್ಲೇ ಇತ್ತು. ಆಮೇಲೆ ಊರುಗಳಲ್ಲಿ ಉಸಿರಾಡಲು ಜಾಗವಿಲ್ಲದಂತಾಗಿ, ಅರ್ಧ ಮನೆಗಳಿಗೆ ಬೀಗ, ಅರ್ಧ ಜನಕ್ಕೆ ಸೂರಿಲ್ಲ ಎಂಬ ಸ್ಥಿತಿ ಬಂದಾಗ, ಯಾರೋ ಪುಣ್ಯಾತ್ಮರು ಅದರ ಧೂಳು ಕೊಡವಿದರು. ಈಗ ನಾವು ಬದುಕುತ್ತಿರುವುದು ನಿಮ್ಮ ವರದಿಯೊಳಗೆ. ಮಕ್ಕಳು ಶಾಲೆಯಲ್ಲಿ ಇದನ್ನು ಮಂಗಳಾ ಪದ್ಧತಿ ಎಂದು ಕಲಿಯುತ್ತಾರೆ. ನಿಮ್ಮ ಹೆಸರಿನ ಅರ್ಧ ಎಲ್ಲಿ ಹೋಯಿತೆಂದು ನಾನೂ ಹುಡುಕಿದೆ, ಸಿಗಲಿಲ್ಲ.

ಮೊದಲು ನಿಮ್ಮನ್ನು ಹೊಗಳುತ್ತೇನೆ, ಜಗಳ ಆಮೇಲೆ. ಕಟ್ಟಡಕ್ಕೆ ತೆರಿಗೆ ಬೇಡ, ನೆಲಕ್ಕೆ ಹಾಕಿ ಎಂದಿರಿ. ಮನೆಯ ಮೇಲೆ ಒಂದು ಕೋಣೆ ಕಟ್ಟಿದವನಿಗೆ ದಂಡ, ಸೈಟಿನಲ್ಲಿ ಪಾರ್ಥೇನಿಯಂ ಬೆಳೆಸಿ ಬೆಲೆ ಏರಲೆಂದು ಕಾಯುವವನಿಗೆ ಬಹುಮಾನ, ಇದೆಂಥ ನ್ಯಾಯ ಎಂದು ಕೇಳಿದಿರಿ. ಅದು ಸರಿಯಿತ್ತು. ನೋಂದಣಿಯ ಮುದ್ರಾಂಕ ಶುಲ್ಕ ತೆಗೆಯಿರಿ, ಕೆಲಸ ಸಿಕ್ಕಿದ ಕಡೆಗೆ ಮನೆ ಬದಲಿಸುವವರ ಮೇಲೆ ಅದು ಸುಮ್ಮನೆ ಹೊರೆ ಎಂದಿರಿ. ಅದೂ ಸರಿಯಿತ್ತು. ಬಿ ಖಾತಾ, ಅಕ್ರಮ ಸಕ್ರಮ, ಕಾಗದದಲ್ಲಿ ಇಷ್ಟು ಕೈಯಲ್ಲಿ ಅಷ್ಟು ಎಂಬ ನಿಮ್ಮ ಕಾಲದ ವ್ಯವಹಾರವನ್ನು ಇಂದಿನ ಹುಡುಗರಿಗೆ ವಿವರಿಸಲು ಒಂದು ತರಗತಿ ಪೂರ್ತಿ ಬೇಕಾಯಿತು. ಕೊನೆಗೂ ಅವರು ನಂಬಲಿಲ್ಲ, ನಾನು ಕಟ್ಟಿ ಹೇಳುತ್ತಿದ್ದೇನೆಂದುಕೊಂಡರು.

ಇನ್ನು ನಿಮ್ಮ ಹದಿನೇಳನೆಯ ಕಂಡಿಕೆ. ನೆಲದ ಬೆಲೆಯನ್ನು ಅಧಿಕಾರಿ ಗೊತ್ತುಮಾಡಿದರೆ ಲಂಚ ಹುಟ್ಟುತ್ತದೆ, ಆದ್ದರಿಂದ ಮಾಲೀಕರೇ ಹೇಳಲಿ ಎಂದಿರಿ. ಹೆಚ್ಚು ಹೇಳಿದರೆ ಹೆಚ್ಚು ತೆರಿಗೆ. ಕಡಿಮೆ ಹೇಳಿದರೆ, ಆ ಬೆಲೆಗೆ ಯಾರು ಬಂದು ಕೇಳಿದರೂ ಮನೆಸಮೇತ ಕೊಡತಕ್ಕದ್ದು. ಹೀಗಿದ್ದರೆ ಸುಳ್ಳು ಹೇಳುವ ಗೋಜಿಗೆ ಯಾರೂ ಹೋಗುವುದಿಲ್ಲ ಎಂಬುದು ನಿಮ್ಮ ವಾದ. ಓದಿದಾಗಲೆಲ್ಲ ನನಗೆ ಖುಷಿಯಾಗುತ್ತದೆ, ಅಷ್ಟು ಚೊಕ್ಕವಾಗಿದೆ.

ಈಗ ಅದು ನಮ್ಮ ದಿನಚರಿಯೇ ಆಗಿದೆ. ಪ್ರತಿ ಮನೆಯ ಬಾಗಿಲ ಪಕ್ಕ ಅಂಗೈಯಗಲದ ಬೆಲೆಹಲಗೆ ಇರುತ್ತದೆ. ಫೆಬ್ರವರಿ ಮೂವತ್ತರ ಬೆಳಿಗ್ಗೆ ಮನೆಯ ಯಜಮಾನರೋ ಯಜಮಾನಿಯೋ ಸ್ನಾನ ಮಾಡಿ, ಹಲಗೆ ಒರೆಸಿ, ಹೊಸ ಬೆಲೆ ಬರೆಯುತ್ತಾರೆ. ಇಂದೂ ಓಣಿಯಲ್ಲಿ ಅದೇ ಗಡಿಬಿಡಿ. ಬೆಲೆ ಬರೆದ ಮನೆಗೆ ಎದುರುಮನೆಯವರು ಅವಲಕ್ಕಿ ಕೊಡುವ ಪದ್ಧತಿ ಅದು ಹೇಗೋ ಬೆಳೆದುಬಂದಿದೆ. ಇನ್ನೊಬ್ಬರ ಮಾಳಿಗೆಯ ಸೌರಹಾಸಿನ ಮೇಲೆ ನಿಮ್ಮ ಗೋಡೆಯ ನೆರಳು ಬಿದ್ದರೆ ನೆರಳುಬಾಡಿಗೆ ಕೊಡಬೇಕು. ಹಾಗಾಗಿ ಸಂಜೆ ಹೊತ್ತು ಮುದುಕರು ಟೇಪು ಹಿಡಿದು ನೆರಳು ಅಳೆಯುತ್ತ, ಅಂಗುಲಕ್ಕಾಗಿ ಜಗಳವಾಡುತ್ತ ಕಾಲ ಕಳೆಯುತ್ತಾರೆ. ನೆಲದ ತೆರಿಗೆಯಲ್ಲಿ ಒಂದು ಭಾಗ ನೆಲಪಾಲು ಎಂಬ ಹೆಸರಿನಲ್ಲಿ ಊರಿನ ಪ್ರತಿಯೊಬ್ಬರಿಗೂ ಬರುತ್ತದೆ, ತೊಟ್ಟಿಲಲ್ಲಿರುವ ಕೂಸಿಗೂ. ಮತ್ತೊಂದು ಭಾಗದಲ್ಲಿ ನಗರಸಭೆ ಪೇಟೆಮನೆಗಳನ್ನು ಕಟ್ಟುತ್ತದೆ. ಅವು ಬಾಡಿಗೆಗೆ ಕೊಡುವ ಎತ್ತರದ ಕಟ್ಟಡಗಳು. ಡಾಕ್ಟರೂ ಇರುತ್ತಾರೆ, ಬೀದಿ ಗುಡಿಸುವವರೂ ಇರುತ್ತಾರೆ, ಬಡವರ ಮನೆ ಎಂಬ ಹಣೆಪಟ್ಟಿ ಅವಕ್ಕಿಲ್ಲ. ಬೀಗ ಹಾಕಿದ ಮನೆ ಊರಲ್ಲಿ ಹುಡುಕಿದರೂ ಸಿಗದು. ಖಾಲಿ ಇಟ್ಟವನು ನಿಜ ಬೆಲೆ ಬರೆದು ತೆರಿಗೆ ಕಟ್ಟಿ ಸುಸ್ತಾಗುತ್ತಾನೆ, ಸುಳ್ಳು ಬರೆದರೆ ಮನೆಯನ್ನೇ ಕಳೆದುಕೊಳ್ಳುತ್ತಾನೆ. ಇಷ್ಟೆಲ್ಲ ನಿಮ್ಮ ದಯೆ.

ನನ್ನ ಅಪ್ಪ ದುರ್ಗಪ್ಪ, ಅವ್ವ ಹನುಮಕ್ಕ. ಇಬ್ಬರೂ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದರು. ಆಗ ಪೇಟೆಮನೆಗಳು ಈಗಿನಷ್ಟು ಇರಲಿಲ್ಲ, ಸರದಿಗೆ ಹದಿನೈದು ವರ್ಷ ಕಾಯಬೇಕಿತ್ತು. ನನಗೆ ಒಂಬತ್ತು ತುಂಬುವಷ್ಟರಲ್ಲಿ ನಾವು ಒಂಬತ್ತು ಬಾಡಿಗೆ ರೂಮು ಬದಲಿಸಿದ್ದೆವು. ಬಾಡಿಗೆ ಕೊಡಲಾರದೆ ಬಿಟ್ಟದ್ದು ಒಂದೂ ಇಲ್ಲ. ಮೊದಲು ನಗುನಗುತ್ತ ಮಾತಾಡಿಸುತ್ತಿದ್ದರು. ನಡುವೆ, ನಿಮ್ಮದು ಯಾವ ಜನ ಎಂದು ಕೇಳುತ್ತಿದ್ದರು. ಅಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಹೇಳಿದ ಮೇಲೆ, ಅಯ್ಯೋ ನಮ್ಮ ಅಳಿಯ ಬರ್ತೀನಿ ಅಂದಿದ್ದಾನೆ, ಮರೆತೇಬಿಟ್ಟಿದ್ದೆ ಎನ್ನುತ್ತಿದ್ದರು. ಇಷ್ಟು ವರ್ಷವಾದರೂ ಇದು ಉಳಿದಿದೆಯೇ ಎಂದು ನೀವು ನೊಂದುಕೊಳ್ಳುತ್ತೀರಿ. ಕ್ಯಾಲೆಂಡರು ತಿದ್ದುವುದು ಸುಲಭ, ಮೇಡಂ.

ಬೆಲೆಹಲಗೆ ಮಾತ್ರ ಯಾವ ಜನ ಎಂದು ಕೇಳುತ್ತಿರಲಿಲ್ಲ. ಬರೆದ ಬೆಲೆಯನ್ನು ಕಚೇರಿಯಲ್ಲಿ ಕಟ್ಟಿದರೆ ಮನೆ ನಿಮ್ಮದು. ಇಲ್ಲ ಎನ್ನುವ ಅಧಿಕಾರ ಯಾರಿಗೂ ಇರಲಿಲ್ಲ. ಆದ್ದರಿಂದ ಅಪ್ಪ ವರ್ಷವಿಡೀ ಕೂಡಿಟ್ಟು, ಪ್ರತಿ ಫೆಬ್ರವರಿ ಮೂವತ್ತಕ್ಕೆ ಕಾರ್ಖಾನೆಗೆ ರಜೆ ಹಾಕಿ, ನನ್ನನ್ನು ಜೊತೆಗೆ ಕರೆದುಕೊಂಡು ಊರಿನ ಹಲಗೆಗಳನ್ನು ಓದುತ್ತ ನಡೆಯುತ್ತಿದ್ದ. ನನಗೆ ಏಳಂಕಿಯ ಸಂಖ್ಯೆ ಓದಲು ಬಂದದ್ದು ಶಾಲೆಯಲ್ಲಲ್ಲ, ಹಾಗೆ. ೨೧೨೮ರಲ್ಲಿ ನಾವು ಮಂಡಕ್ಕಿ ಭಟ್ಟಿಯ ಓಣಿಗೆ ಬಂದೆವು. ಹದಿನಾಲ್ಕು ಮನೆ, ಹದಿನಾಲ್ಕು ಹಲಗೆ, ಎಲ್ಲದರಲ್ಲೂ ಒಂದೇ ಬೆಲೆ. ಒಂದೂವರೆ ಕೋಣೆಯ ಮನೆಗೂ ಅದೇ, ಅಂಗಳ, ಬಾವಿ, ಮಂಡಕ್ಕಿ ಹುರಿಯುವ ದೊಡ್ಡ ಭಟ್ಟಿ ಎಲ್ಲ ಇದ್ದ ಮೂಲೆಮನೆಗೂ ಅದೇ. ಅಪ್ಪ ಮೂರು ಸಲ ಓದಿದ. ನನ್ನ ಕೈಲೂ ಓದಿಸಿದ. ಆಮೇಲೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಚೇರಿಗೆ ಓಡಿದ. ಅಪ್ಪ ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮೂಲೆಮನೆ ಖಾಸಿಂಬಿಯವರದು. ಗಂಡ ತೀರಿಹೋದ ಮೇಲೆ ಭಟ್ಟಿಯನ್ನು ಒಬ್ಬರೇ ನಡೆಸುತ್ತಿದ್ದರು. ನಮ್ಮ ಕಾಲದಲ್ಲಿ ಭಟ್ಟಿ ಬೆಂಕಿಯದಲ್ಲ, ಕರೆಂಟಿನದು. ಆದರೆ ಮರಳು ಕಾಯಿಸಿ ಅದರಲ್ಲಿ ಅಕ್ಕಿ ಅರಳಿಸುವ ಕೈಚಳಕ ಹಳೆಯದೇ. ನಲವತ್ತು ದಿನಕ್ಕೆ ಮನೆ ಬಿಟ್ಟುಕೊಟ್ಟರು. ಜಗಳವಿಲ್ಲ, ಶಾಪವಿಲ್ಲ. ಹಿತ್ತಿಲ ಬಾಗಿಲಿನ ಚಿಲಕ ಮೇಲೆತ್ತಿ ಎಳೆಯಬೇಕು, ಇಲ್ಲದಿದ್ದರೆ ಬರಲ್ಲ ಎಂದು ಅವ್ವನಿಗೆ ತೋರಿಸಿಕೊಟ್ಟರು. ಮಗು ಇದೆಯಲ್ಲ ಎಂದು ಒಂದು ಚೀಲ ಮಂಡಕ್ಕಿ ಇಟ್ಟು ಹೋದರು. ಅವ್ವ ಅದನ್ನು ಒಂದು ವಾರ ಮುಟ್ಟಲಿಲ್ಲ. ಆಮೇಲೆ ಒಗ್ಗರಣೆ ಹಾಕಿದಳು, ತಿಂದೆವು, ಚೆನ್ನಾಗಿತ್ತು.

ಆ ಮನೆಯಿಂದ ನಾನು ಓದಿದೆ. ಒಂದೇ ಶಾಲೆಯಲ್ಲಿ ಏಳು ವರ್ಷ ಓದಿದೆ ಎಂದರೆ ನಿಮಗೆ ಅದೇನು ದೊಡ್ಡದು ಎನಿಸಬಹುದು. ಒಂಬತ್ತು ರೂಮು ಬದಲಿಸಿದವಳನ್ನು ಕೇಳಿ. ಹಾಲೇಶಿ ಆ ಮನೆಯಲ್ಲೇ ಹುಟ್ಟಿದ. ಅಪ್ಪ ಆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತು, ನಮ್ಮನೆ ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಭಟ್ಟಿಯನ್ನು ಒಡೆಸಿ ಅಲ್ಲಿ ಒಂದು ಕೋಣೆ ಕಟ್ಟಿದೆವು. ಅದು ನನ್ನ ಓದುವ ಕೋಣೆಯಾಯಿತು.

ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಕಡಿಮೆ ಬೆಲೆ ಬರೆದು ಮನೆ ಕಳೆದುಕೊಂಡವರ ಬಗ್ಗೆ ಪ್ರಬಂಧ ಬರೆಯುತ್ತಿದ್ದೆ. ತೆರಿಗೆ ಉಳಿಸಲು ಹೋಗಿ ಕೆಟ್ಟರು ಎಂಬುದು ಕಚೇರಿಯಲ್ಲಿ ಎಲ್ಲರ ಅಭಿಪ್ರಾಯ, ನನ್ನದೂ ಅದೇ. ಪಟ್ಟಿಯಲ್ಲಿ ಖಾಸಿಂಬಿಯವರ ಹೆಸರು ಬಂತು. ಊರಾಚೆಯ ಪೇಟೆಮನೆಯ ಹದಿನಾಲ್ಕನೆಯ ಮಹಡಿಯಲ್ಲಿದ್ದರು. ನಾನು ಯಾರೆಂದು ಹೇಳಿದೆ. ಚಿಲಕ ಸರಿಮಾಡಿಸಿದಿರಾ ಎಂದು ಕೇಳಿದರು. ಮೆಣಸಿನಕಾಯಿ ಕರಿದುಕೊಟ್ಟರು, ಜೊತೆಗೆ ಅಂಗಡಿಯ ಮಂಡಕ್ಕಿ. ಅಷ್ಟು ಎತ್ತರದಲ್ಲಿ ಭಟ್ಟಿ ಇಡಲು ಅಪ್ಪಣೆಯಿಲ್ಲ. ಹಣ ಸಿಕ್ಕಿತ್ತು, ಸೂರು ಸಿಕ್ಕಿತ್ತು, ಕೆಲಸ ಮಾತ್ರ ಹೋಗಿತ್ತು. ಇಪ್ಪತ್ತೈದು ವರ್ಷದಿಂದ ಕೈ ಖಾಲಿ ಕೂತಿದ್ದರು. ಎದುರಿಗಿಟ್ಟ ಮಂಡಕ್ಕಿಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, ಮರಳು ಸರಿಯಾಗಿ ಕಾದಿಲ್ಲ ಎಂದರು.

ಅಷ್ಟು ಕಡಿಮೆ ಏಕೆ ಬರೆದಿರಿ ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಆ ಓಣಿಯಲ್ಲಿ ಬೆಲೆ ಗೊತ್ತುಮಾಡುತ್ತಿದ್ದುದು ಹೀಗೆ: ಹಿಂದಿನ ಸಂಜೆ ಎಲ್ಲರೂ ಕಟ್ಟೆಯ ಮೇಲೆ ಸೇರುತ್ತಿದ್ದರು. ಓಣಿಯಲ್ಲಿ ಎಲ್ಲರಿಗಿಂತ ಬಡವಳು ನಾಗವೇಣಿ, ಅವಳದು ಆ ಒಂದೂವರೆ ಕೋಣೆಯ ಮನೆ. ಮೊದಲು ಅವಳು ಬೆಲೆ ಹೇಳುವುದು. ಉಳಿದ ಹದಿಮೂರು ಮನೆಯವರೂ ಅದನ್ನೇ ಬರೆಯುವುದು. ಪಕ್ಕದಲ್ಲೇ ಇದ್ದುಕೊಂಡು ಅವಳಿಗಿಂತ ನಾಲ್ಕು ಪಟ್ಟು ಬರೆದರೆ ಅವಳ ಮುಖ ನೋಡುವುದು ಹೇಗವ್ವ, ನಮ್ಮ ಮನೆ ನಾವೇ ಹೊಗಳಿಕೊಂಡ ಹಾಗಾಗಲ್ಲವಾ ಎಂದರು ಖಾಸಿಂಬಿ. ತೆರಿಗೆಯ ಯೋಚನೆಯೇ ಅವರಿಗೆ ಬಂದಿರಲಿಲ್ಲ. ಓಣಿಯ ಮರ್ಯಾದೆ ಕಾಯಲು ಅವರು ಮನೆ ಕಳೆದುಕೊಂಡಿದ್ದರು.

ಮೇಡಂ, ನಿಮ್ಮ ತಪ್ಪು ಇಲ್ಲಿದೆ. ಮನುಷ್ಯ ತನ್ನ ಸ್ವತ್ತಿನ ಬೆಲೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ, ಆದ್ದರಿಂದ ಹೇಳುತ್ತಾನೆ ಎಂದು ಬರೆದಿದ್ದೀರಿ. ಬಲ್ಲದ್ದೇನೋ ನಿಜ, ಹೇಳಲು ನಮ್ಮವರಿಗೆ ನಾಚಿಕೆ. ನಿಮಗೆ ಇದು ಹೇಗೆ ಹೊಳೆಯಲಿಲ್ಲವೋ. ಸೀರೆ ಚೆನ್ನಾಗಿದೆ ಎಂದು ಯಾರಾದರೂ ಅಂದರೆ, ಅಯ್ಯೋ ಹಳೇದು ಬಿಡ್ರಿ, ಡಿಸ್ಕೌಂಟಿನಲ್ಲಿ ಬಂದದ್ದು ಎನ್ನುವವರು ನೀವು. ಮನೆಗೆ ಕರೆಯುವಾಗ ನಮ್ಮ ಗುಡಿಸಲಿಗೆ ಒಮ್ಮೆ ಬನ್ನಿ ಎನ್ನುವವರು ನೀವು. ಅಂಥ ಜನರ ಬಾಗಿಲಿಗೆ ಹಲಗೆ ಹೊಡೆದು, ನಿಮ್ಮ ಮನೆ ಎಷ್ಟು ಬಾಳುತ್ತದೆಂದು ಎಲ್ಲರೂ ಓದುವಂತೆ ಬರೆಯಿರಿ ಎಂದು ಕಾನೂನು ಮಾಡಿದಿರಲ್ಲ!

ನಿಮ್ಮನ್ನು ಬೈದು ನಾನು ತಪ್ಪಿಸಿಕೊಳ್ಳುವಂತಿಲ್ಲ. ಖಾಸಿಂಬಿ ಹೇಳಿದ್ದನ್ನು ನಾನು ಪ್ರಬಂಧದಲ್ಲಿ ಅಡಿಟಿಪ್ಪಣಿ ಮಾಡಿದೆ. ಅವರ ಹೆಸರಿನ ಮುಂದೆ, ಸ್ಥಳಾಂತರ ತೃಪ್ತಿಕರ ಎಂದು ಬರೆದೆ. ನಿಯಮ ಬದಲಾಗಬೇಕೆಂದು ನಾನು ಬಾಯಿಬಿಟ್ಟರೆ, ನೀನಿರುವ ಮನೆ ಯಾರದು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆಂಬ ಭಯ. ಆರು ವರ್ಷಕ್ಕೆ ಅವರು ತೀರಿಕೊಂಡರು. ನಾನು ಸುಮ್ಮನಿದ್ದದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ, ಅದನ್ನು ಬೇರೆ ಯಾವ ಮಾತಲ್ಲೂ ಹೇಳಲಾರೆ.

ಹೋದ ವರ್ಷ, ನಿವೃತ್ತಿ ಹತ್ತಿರ ಬಂದಾಗ, ಧೈರ್ಯ ಮಾಡಿ, ತಾವೇ ವಾಸವಿರುವ ಮನೆಯನ್ನು ಉಳಿಸಿಕೊಳ್ಳಲು ಮಾಲೀಕರಿಗೆ ಅವಕಾಶ ಬೇಕೆಂದು ನಗರಸಭೆಯ ಮುಂದೆ ತಿದ್ದುಪಡಿ ಇಟ್ಟೆ. ಸದಸ್ಯರು ಒಪ್ಪಿದರು, ಆದರೆ ಬೇರೆ ರೀತಿಯಲ್ಲಿ: ಕೊಳ್ಳಲು ಬಂದವರನ್ನು ನೋಡಿ ಮಾಲೀಕರು ಬೇಡ ಎನ್ನಬಹುದು ಎಂದು ಸೇರಿಸೋಣ ಎಂದರು. ಎಲ್ಲರಿಗೂ ಅದು ಸರಿಯೆನಿಸಿತು. ನನಗೆ ನಮ್ಮ ಒಂಬತ್ತು ರೂಮುಗಳು ಕಣ್ಣಮುಂದೆ ಬಂದವು. ಬಂದವರು ಯಾರೆಂದು ನೋಡಿ ಬೇಡ ಎನ್ನುವ ಅವಕಾಶ ಕೊಟ್ಟರೆ, ಆ ಅವಕಾಶವನ್ನು ಯಾರ ಮೇಲೆ ಬಳಸುತ್ತಾರೆಂದು ತಿಳಿಯಲು ನನಗೆ ಯಾವ ಅಂಕಿಅಂಶವೂ ಬೇಕಿರಲಿಲ್ಲ. ನಾಲ್ಕು ತಿಂಗಳು ಹಟ ಹಿಡಿದೆ. ಇದೇನು ಮಾರಕ್ಕ, ಮೇಲೊಂದು ಕೆಳಗೊಂದು ಎಳೀತೀಯಲ್ಲ ಎಂದು ಅಧ್ಯಕ್ಷರು ರೇಗಿದರು. ಇದ್ದವರ ಮನೆಯೂ ಉಳಿಯಬೇಕು, ಕೊಳ್ಳಲು ಬಂದವರು ಯಾರೆಂದೂ ತಿಳಿಯಬಾರದು, ಎರಡೂ ಬೇಕು ಎಂದೆ. ಕೊನೆಗೆ ಎರಡೂ ಸಿಕ್ಕವು. ಆದರೆ ಅದು ಇನ್ನು ಮುಂದಿನವರಿಗೆ. ಹೋದವರಿಗೆ ಹಿಂದಂಚೆಯೊಂದೇ ದಾರಿ.

ಅದಕ್ಕೇ ಈ ಕಾಗದ. ನಿಮ್ಮ ಹದಿನೇಳನೆಯ ಕಂಡಿಕೆಯ ಕೊನೆಗೆ ಇಷ್ಟನ್ನು ಸೇರಿಸಿ. ವಾಕ್ಯ ನಿಮ್ಮ ವರದಿಯ ಧಾಟಿಯಲ್ಲೇ ಇದೆ, ಕಾರಕೂನರಿಗೆ ತೊಂದರೆಯಾಗದು: “ಮಾಲೀಕರು ತಾವೇ ವಾಸವಿರುವ ಮನೆಗೆ ಬೇಡಿಕೆ ಬಂದಲ್ಲಿ ಅವರಿಗೆ ಒಂದು ತಿಂಗಳ ಅವಕಾಶ ಕೊಡತಕ್ಕದ್ದು. ಅಷ್ಟರೊಳಗೆ ಅವರು ಬೆಲೆಯನ್ನು ಏರಿಸಿ, ಹಿಂದಿನ ಮೂರು ವರ್ಷದ ಹೆಚ್ಚುವರಿ ತೆರಿಗೆಯನ್ನು ಕಂತಿನಲ್ಲಿ ಕಟ್ಟಿ, ಮನೆಯನ್ನು ಉಳಿಸಿಕೊಳ್ಳಬಹುದು. ಬೇಡಿಕೆ ಸಲ್ಲಿಸಿದವರ ಹೆಸರನ್ನಾಗಲಿ ಗುರುತನ್ನಾಗಲಿ ಮಾಲೀಕರಿಗೆ ತಿಳಿಸತಕ್ಕದ್ದಲ್ಲ.” ಖಾಲಿ ಇಟ್ಟ ಮನೆಗೆ ಈ ಅವಕಾಶ ಬೇಡ, ಬೀಗ ಹಾಕಿಕೊಂಡವರ ಮೇಲೆ ನನಗೇನೂ ಕನಿಕರವಿಲ್ಲ.

ನೀವು ಇದನ್ನು ಬರೆದರೆ ಏನಾಗುತ್ತದೆಂದು ನನಗೆ ಗೊತ್ತು. ಖಾಸಿಂಬಿ ಬೆಲೆ ಏರಿಸುತ್ತಾರೆ. ಬೇಡಿಕೆ ಬಂದ ಮೇಲೆ ಏರಿಸುವುದರಲ್ಲಿ ನಾಚಿಕೆಯಿಲ್ಲ, ನಾಗವೇಣಿಯೇ ಏರಿಸಿರಿ ಎನ್ನುತ್ತಾಳೆ. ಭಟ್ಟಿ ಉಳಿಯುತ್ತದೆ. ನನಗೆ ಆ ಕೋಣೆ ಇರುವುದಿಲ್ಲ, ಆ ಶಾಲೆ ಇರುವುದಿಲ್ಲ, ನಾನು ಕಚೇರಿಯವಳಾಗುತ್ತೇನೋ ಕಾಲರ್ ಹೊಲಿಯುತ್ತೇನೋ ತಿಳಿಯದು. ಹಾಲೇಶಿಯ ಸಿಟ್ಟು ಇದಕ್ಕೇ. ಅಪ್ಪನನ್ನು ಮತ್ತೆ ಬಾಡಿಗೆ ರೂಮಿಗೆ ತಳ್ಳುತ್ತೀಯಾ ಅಕ್ಕ ಎಂದು ಕೇಳಿದ. ಹೌದು ಎಂದೆ.

ಒಂದೇ ಕೋರಿಕೆ. ಸಮಿತಿಯಲ್ಲಿ ಚೌಕಾಸಿ ನಡೆದು ಆ ಮೂರು ವಾಕ್ಯಗಳಲ್ಲಿ ಒಂದನ್ನು ಬಿಡಲೇಬೇಕಾದ ಪ್ರಸಂಗ ಬಂದರೆ, ಕೊನೆಯದನ್ನು ಬಿಡಬೇಡಿ. ಉಳಿದೆಲ್ಲ ಹೋದರೂ ಅದು ಇರಲಿ. ಆ ತಿಂಗಳು ಕಳೆಯುವುದರೊಳಗೆ ಕಚೇರಿಯ ಕಿಟಕಿಯಲ್ಲಿ ಅಪ್ಪನಿಗೆ, ಬೆಲೆ ಏರಿದೆ, ನಿಮ್ಮ ಹಣ ಸಾಲದು ಎಂದು ಹೇಳುತ್ತಾರೆ. ಹೇಳಲಿ. ಸಾಲದಿದ್ದರೆ ಇನ್ನೊಂದು ವರ್ಷ ದುಡಿದು ಬರುತ್ತಾನೆ, ಆ ಮಾತು ಅವನಿಗೆ ಹೊಸದಲ್ಲ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಷ್ಟು ದೂರ ಓಡಿಬಂದವನಿಗೆ ನೀನು ಬೇಡ ಎಂದು ಮಾತ್ರ ಯಾರೂ ಹೇಳದಿರಲಿ.

ನಿಮ್ಮ ವಿಧೇಯಳು,
ಮಾರಕ್ಕ ದುರ್ಗಪ್ಪ